ಬಾಳುವ ಗಿಡವನ್ನು ಕಿತ್ತೆಸೆಯುವುದೇಕೆ?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಕಾಲಕ್ಕೊಮ್ಮೆ, ಸ್ವಾತಂತ್ರ್ಯೋತ್ಸವದ ಕಾಲಕ್ಕೊಮ್ಮೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅದನ್ನು ನೋಡಿದವರಿಗೆ, ಕೆಂಡದಂತೆ ಕೆಂಪಾದ ಹೂದೆನೆಗಳನ್ನು ಎತ್ತಿ ಹಿಡಿದು ಪಾತಿಯ ತುಂಬ ನಿಲ್ಲುವ ಒಂದು ಗಿಡದ ನೆನಪಿರಬಹುದು. ಅದರ ಹೆಸರು ಸಾಲ್ವಿಯಾ. ಈ ಗುಂಪಿನ ಗಿಡಗಳನ್ನು ಇಂಗ್ಲಿಷರು ಸೇಜ್ ಎಂದು ಕರೆಯುತ್ತಾರೆ. ಕಚೇರಿಗಳ ಅಂಗಳದಲ್ಲಿಯೂ, ಶಾಲೆ ಕಾಲೇಜುಗಳ ಧ್ವಜಸ್ತಂಭದ ಸುತ್ತಲೂ ಇದನ್ನು ನೆಡುವುದುಂಟು. ಉತ್ಸವಕ್ಕೆ ಮುಂಚೆ ಸಸಿಗಳು ಬರುತ್ತವೆ; ಹೂವು ಮುಗಿದೊಡನೆ ಗಿಡಗಳು ತಿಪ್ಪೆಯನ್ನು ಸೇರುತ್ತವೆ; ಮುಂದಿನ ಉತ್ಸವಕ್ಕೆ ಮತ್ತೆ ಹೊಸ ಸಸಿಗಳು ಬರುತ್ತವೆ. ಈ ವಾಡಿಕೆ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಸಾಲ್ವಿಯಾ ಎಂದರೆ ಒಂದು ಋತುವಿನ ಗಿಡವೆಂದೇ ಬಹುಜನರು ತಿಳಿದಿದ್ದಾರೆ.

ನಿಜಸಂಗತಿ ಬೇರೆ. ಸಾಲ್ವಿಯಾ ಸ್ಪ್ಲೆಂಡೆನ್ಸ್ ಎಂಬ ಈ ಕೆಂಪು ಜಾತಿ ಬ್ರೆಜಿಲ್ ದೇಶದ ಬೆಟ್ಟಗಾಡುಗಳಿಗೆ ಸೇರಿದುದು. ತವರಿನಲ್ಲಿ ಅದು ಹಲವು ವರ್ಷ ಬಾಳುವ ಪೊದೆ, ಎಂದರೆ ಬಹುವಾರ್ಷಿಕ ಸಸ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯೂರೋಪಿನ ತೋಟಗಳನ್ನು ಸೇರಿತು. ಅಲ್ಲಿಯ ಚಳಿಗಾಲದ ಹಿಮವನ್ನು ಅದು ತಡೆದುಕೊಳ್ಳಲಾರದು. ಆದಕಾರಣ ಅಲ್ಲಿನ ತೋಟಗಾರರು ವಸಂತದಲ್ಲಿ ಬೀಜ ಬಿತ್ತಿ, ಬೇಸಗೆಯಲ್ಲಿ ಹೂವನ್ನು ನೋಡಿ, ಚಳಿ ಬಂದೊಡನೆ ಗಿಡವನ್ನು ಕಿತ್ತುಹಾಕುವ ಕ್ರಮವನ್ನು ರೂಢಿಸಿಕೊಂಡರು. ಅವರಿಗೆ ಅದು ಅನಿವಾರ್ಯವಾಗಿತ್ತು. ನಮ್ಮಲ್ಲಿ ಹಿಮವೆಲ್ಲಿದೆ? ಹಿಮದ ನಾಡಿನ ಕೈಪಿಡಿಯಲ್ಲಿ ಬರೆದುದನ್ನು ಹಿಮವಿಲ್ಲದ ಬಯಲುಸೀಮೆಯಲ್ಲಿ ಆಚರಿಸುತ್ತ ಬಂದಿರುವುದು ವಿಚಾರವಿಲ್ಲದ ಅನುಕರಣೆ ಎಂದೇ ನಾವು ಹೇಳಬೇಕಾಗಿದೆ. ಬಾಳಬಲ್ಲ ಗಿಡವನ್ನು ಬಾಳಗೊಡುವ ತೋಟಗಾರಿಕೆಯೇ ನಮ್ಮ ನೆಲಕ್ಕೆ ಒಪ್ಪುವಂಥದು ಎಂಬುದು ನಮ್ಮ ಅಭಿಪ್ರಾಯ.

ಇದು ಕೇವಲ ಅಲಂಕಾರದ ಪ್ರಶ್ನೆಯಲ್ಲ, ನೀರಿನ ಪ್ರಶ್ನೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಊರಿನ ಹೆಸರಿನಲ್ಲಿಯೇ ಕೆರೆ ಇದೆ. ನೀರು ನಿಂತ ಕಡೆ ಊರು ಕಟ್ಟಿದ ಹಿರಿಯರ ವಿವೇಕಕ್ಕೆ ಆ ಹೆಸರೇ ಸಾಕ್ಷಿ. ಈ ತಾಲ್ಲೂಕು ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರಿದುದು. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರನ್ನು ಮೀರಿ ಮಳೆ ಸುರಿದರೆ, ಇಲ್ಲಿ ಬೀಳುವುದು ಸುಮಾರು ೬೦೦ ಮಿಲಿಮೀಟರು ಮಾತ್ರ. ಅದರಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಪಾಲು ದೊಡ್ಡದು. ಮಳೆ ಎಷ್ಟು ಚಂಚಲವೆಂಬುದನ್ನು ಪಕ್ಕದ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವೇ ಹೇಳುತ್ತದೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಆ ಅಣೆಕಟ್ಟು ೧೯೦೭ರಲ್ಲಿ ಪೂರ್ಣಗೊಂಡಿತು. ೧೯೩೩ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೊಮ್ಮೆ ಕೋಡಿ ಹರಿದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು ಕಳೆದಿದ್ದವು. ಇಂತಹ ನಾಡಿನಲ್ಲಿ ಕೊಳವೆಬಾವಿಯಿಂದ ಮೇಲೆತ್ತಿದ ಒಂದೊಂದು ಕೊಡವನ್ನೂ ಲೆಕ್ಕವಿಟ್ಟು ಖರ್ಚು ಮಾಡಬೇಕಾಗುತ್ತದೆ.

ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಶಾಲೆಯ ಮುಂದೆ ಹತ್ತು ಚದರ ಮೀಟರಿನ ಹೂಪಾತಿಯೊಂದಿದೆಯೆನ್ನಿ. ಎಳೆಯ ಸಸಿಗಳ ಬೇರು ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಬೇಸಗೆಯಲ್ಲಿ ಅವುಗಳಿಗೆ ದಿನಕ್ಕೆ ಐದು ಮಿಲಿಮೀಟರಿನಂತೆ ನೀರುಣಿಸಿದರೆ ೫೦ ಲೀಟರು ಬೇಕು. ಫೆಬ್ರವರಿಯಿಂದ ಮೇ ತಿಂಗಳವರೆಗಿನ ೧೨೦ ದಿನಗಳಿಗೆ ೬೦೦೦ ಲೀಟರು. ಅದೇ ಪಾತಿಯಲ್ಲಿ ಬೇರು ಆಳಕ್ಕಿಳಿದ ಬಹುವಾರ್ಷಿಕ ಗಿಡಗಳಿದ್ದು, ಎಂಟು ದಿನಕ್ಕೊಮ್ಮೆ ಇಪ್ಪತ್ತು ಮಿಲಿಮೀಟರು ನೀರು ಕೊಟ್ಟರೆ ಹದಿನೈದು ಸರದಿಗಳಿಗೆ ೩೦೦೦ ಲೀಟರು ಸಾಕು. ಅರ್ಧಕ್ಕರ್ಧ ಉಳಿತಾಯ. ಇದರ ಮೇಲೆ ಪ್ರತಿವರ್ಷ ಸಸಿ ಕೊಳ್ಳುವ ಹಣವೂ ಉಳಿಯುತ್ತದೆ.

ಹಲವು ವರ್ಷ ಬಾಳುವ ಗಿಡವನ್ನು ಸಾಕುವ ವಿದ್ಯೆ ನಮಗೆ ಹೊಸದಲ್ಲ. ಸಾಲ್ವಿಯಾ ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದಲ್ಲಿ ಲ್ಯಾಮಿಯೇಸಿ ಎಂಬ ಹೆಸರು ಪಡೆದ ಈ ಕುಟುಂಬದಲ್ಲಿಯೇ ದೊಡ್ಡಪತ್ರೆ, ಕಾಮಕಸ್ತೂರಿ, ತುಂಬೆ, ಪುದೀನ, ಮರುಗಗಳೂ ಇವೆ. ನಾಲ್ಕು ಮೂಲೆಯ ಕಾಂಡ, ಎದುರುಬದುರಾಗಿ ಹುಟ್ಟುವ ಎಲೆ, ಎರಡು ತುಟಿಯ ಹೂವು, ಹೂದಳ ಬಿದ್ದ ಮೇಲೆ ಬಟ್ಟಲಿನ ತಳದಲ್ಲಿ ಕಾಣುವ ನಾಲ್ಕು ಪುಟ್ಟ ಕಾಯಿಗಳು ಇವುಗಳ ಸಾಮಾನ್ಯ ಗುರುತು. ವಿದ್ಯಾರ್ಥಿಗಳು ತುಂಬೆಯ ಕಾಂಡವನ್ನೂ ಸಾಲ್ವಿಯಾದ ಕಾಂಡವನ್ನೂ ಬೆರಳ ನಡುವೆ ಹೊರಳಿಸಿ ನೋಡಿದರೆ ನಂಟು ತಾನಾಗಿ ತಿಳಿಯುತ್ತದೆ. ತುಳಸಿಕಟ್ಟೆಯ ಗಿಡವನ್ನು ಉತ್ಥಾನ ದ್ವಾದಶಿ ಮುಗಿಯಿತೆಂದು ಯಾರೂ ಕಿತ್ತೆಸೆಯುವುದಿಲ್ಲ. ತೆನೆ ಒಣಗಿದರೆ ಚಿವುಟುತ್ತಾರೆ. ಗಿಡ ಮುದಿಯಾದರೆ ಅದರ ಬುಡದಲ್ಲಿಯೇ ಹುಟ್ಟಿದ ಸಸಿಯನ್ನು ಬೆಳೆಸುತ್ತಾರೆ. ಸಾಲ್ವಿಯಾದ ಆರೈಕೆಯ ಸಾರವೆಲ್ಲ ಇದರಲ್ಲಿಯೇ ಅಡಗಿದೆ.

ಸಾಲ್ವಿಯಾ ಎಂಬುದು ಒಂದು ಗಿಡದ ಹೆಸರಲ್ಲ, ಒಂದು ದೊಡ್ಡ ಜಾತಿಸಮೂಹದ ಹೆಸರು. ಗುಣಪಡಿಸು, ಕಾಪಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ. ಇದರಲ್ಲಿ ಸುಮಾರು ಒಂದು ಸಾವಿರ ಜಾತಿಗಳುಂಟು. ಅಂಗಡಿಗಳಲ್ಲಿ ಚಿಯಾ ಎಂದು ಮಾರುವ, ಈಚಿನ ವರ್ಷಗಳಲ್ಲಿ ಮೈಸೂರು ಜಿಲ್ಲೆಯ ರೈತರೂ ಬೆಳೆದಿರುವ ಕಾಳು ಸಾಲ್ವಿಯಾ ಹಿಸ್ಪ್ಯಾನಿಕ ಎಂಬ ಏಕವಾರ್ಷಿಕ ಜಾತಿಯದು. ಅಡಿಗೆಗೆ ಬಳಸುವ ರೋಸ್ಮರಿಯನ್ನು ಬಹುಕಾಲ ಬೇರೆಯೇ ಗುಂಪಿನಲ್ಲಿ ಇಟ್ಟಿದ್ದರು, ಡಿ.ಎನ್.ಎ. ಪರಿಶೀಲನೆಯ ಆಧಾರದ ಮೇಲೆ ೨೦೧೭ರಲ್ಲಿ ಅದನ್ನೂ ಸಾಲ್ವಿಯಾ ಗುಂಪಿಗೆ ಸೇರಿಸಲಾಯಿತು.

ಇಷ್ಟು ಜಾತಿಗಳಲ್ಲಿ ಮಾಡದಕೆರೆಯಂತಹ ಊರಿಗೆ ಒಪ್ಪುವುದಾವುದು? ಗಿಡದ ತವರಿನಲ್ಲಿ ಮಳೆ ಯಾವ ಕಾಲದಲ್ಲಿ ಬೀಳುತ್ತದೆಂಬುದನ್ನು ಮೊದಲು ಕೇಳಬೇಕು. ಹೂವಿನ ಬಣ್ಣವನ್ನು ನೋಡಿ ಸಸಿ ಕೊಳ್ಳುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಸಾಲ್ವಿಯಾ ನೆಮೊರೋಸ ಎಂಬುದು ಮಧ್ಯ ಯೂರೋಪಿನಿಂದ ಪಶ್ಚಿಮ ಏಷ್ಯದವರೆಗೆ ಬೆಳೆಯುವ ಜಾತಿ. ಅದು ಕಡುಚಳಿಯಲ್ಲಿ ನೆಲದ ಮೇಲಿನ ಭಾಗವನ್ನು ಕಳೆದುಕೊಂಡು ಮಲಗಿ, ವಸಂತದಲ್ಲಿ ಬುಡದಿಂದ ಚಿಗುರುತ್ತದೆ. ಅಂತಹ ಚಳಿಯ ವಿಶ್ರಾಂತಿಯನ್ನು ಬಯಲುಸೀಮೆ ಕೊಡಲಾರದು. ಅಡಿಗೆಗೂ ಔಷಧಿಗೂ ಹೆಸರಾದ ಸಾಲ್ವಿಯಾ ಅಫಿಸಿನಾಲಿಸ್ ಮೆಡಿಟರೇನಿಯನ್ ಸಮುದ್ರತೀರದ ಒಣಬೆಟ್ಟಗಳದು. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಗೆ ಒಣ. ನಮ್ಮಲ್ಲಿ ಬಿಸಿಯೂ ತೇವವೂ ಒಟ್ಟಿಗೆ ಬರುವ ಮುಂಗಾರಿನ ತಿಂಗಳುಗಳಲ್ಲಿ ಅದರ ಬೇರು ಕೊಳೆಯುತ್ತದೆ. ಅದನ್ನು ಬೆಳೆಸಲೇಬೇಕೆಂಬವರು ಕುಂಡದಲ್ಲಿ ಬೆಳೆಸಿ, ಮಳೆಗಾಲದಲ್ಲಿ ಮಾಡಿನ ಕೆಳಗಿಡತಕ್ಕದ್ದು. ಮೆಕ್ಸಿಕೋ ದೇಶದ ಪ್ರಸ್ಥಭೂಮಿಯ ಸ್ಥಿತಿ ಬೇರೆ. ಅಲ್ಲಿ ನಮ್ಮಲ್ಲಿಯಂತೆಯೇ ಬೇಸಗೆಯ ಬೆನ್ನಿಗೆ ಮಳೆ ಬಂದು, ಚಳಿಗಾಲ ಒಣಗಿರುತ್ತದೆ. ಸಾಲ್ವಿಯಾ ಜಾತಿಗಳು ಅತಿ ಹೆಚ್ಚಾಗಿರುವ ನಾಡುಗಳಲ್ಲಿ ಅದೂ ಒಂದು. ಮೆಕ್ಸಿಕೋ ಮತ್ತು ಟೆಕ್ಸಾಸಿನ ನೀಲಿ ಹೂವಿನ ಸಾಲ್ವಿಯಾ ಫ್ಯಾರಿನೇಸಿಯ, ಬೆಚ್ಚಗಿನ ಅಮೆರಿಕದ ಕೆಂಪು ಹೂವಿನ ಸಾಲ್ವಿಯಾ ಕಾಕ್ಸಿನಿಯ, ನೇರಳೆ ಮಖಮಲ್ಲಿನಂತಹ ತೆನೆಯ ಸಾಲ್ವಿಯಾ ಲ್ಯೂಕ್ಯಾಂತ ಈ ಮೂರನ್ನು ನಾವು ಮೊದಲ ಆಯ್ಕೆಗಳೆಂದು ಸೂಚಿಸುತ್ತೇವೆ. ಲ್ಯೂಕ್ಯಾಂತ ಹಗಲು ಕಿರಿದಾದಾಗ ಹೂಬಿಡುವ ಜಾತಿಯಾದುದರಿಂದ, ಇತರ ಹೂಗಳು ಹಿಂದೆಗೆಯುವ ಮಾಗಿಯಲ್ಲಿ ಅದರ ಸೊಬಗು ಹೆಚ್ಚು. ಲಾಲ್‌ಬಾಗಿನ ಕೆಂಪು ಸಾಲ್ವಿಯಾ ತೇವದ ಕಾಡಿನ ಗಿಡವಾದುದರಿಂದ ಬಯಲುಸೀಮೆಯಲ್ಲಿ ಅದಕ್ಕೆ ಅರೆನೆರಳೂ ಹೆಚ್ಚು ನೀರೂ ಬೇಕಾಗುತ್ತವೆ.

ಒಣನಾಡಿನ ಸಾಲ್ವಿಯಾಗಳ ಎಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ನವಿರಾದ ಕೂದಲು ಕಾಣುತ್ತದೆ. ಈ ಕೂದಲಿನ ಹೊದಿಕೆ ಎಲೆಯ ಮೇಲೆ ಗಾಳಿಯ ತೆಳುಪದರವೊಂದನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಅದರಿಂದ ಎಲೆಯ ರಂಧ್ರಗಳ ಮೂಲಕ ನೀರು ಆವಿಯಾಗಿ ಹೋಗುವುದು ತಗ್ಗುತ್ತದೆ. ಬೂದುಬಣ್ಣದ ಎಲೆ ಬಿಸಿಲಿನ ಒಂದಂಶವನ್ನು ಹಿಂದಕ್ಕೆ ಹೊಡೆಯುತ್ತದೆ. ಕೂದಲುಗಳ ನಡುವೆ ತೈಲದ ಗ್ರಂಥಿಗಳೂ ಉಂಟು. ಎಲೆಯನ್ನು ಹೊಸಕಿದಾಗ ಬರುವ ಪರಿಮಳ ಅವುಗಳದು. ಎಲೆ ತಿನ್ನುವ ಹಲವು ಕೀಟಗಳನ್ನು ದೂರವಿಡಲು ಈ ತೈಲ ನೆರವಾಗುತ್ತದೆ. ತನ್ನ ನೀರನ್ನು ತಾನೇ ಕಾಪಾಡಿಕೊಳ್ಳಬಲ್ಲ ಇಂತಹ ಗಿಡಕ್ಕೆ ದಿನವೂ ಕೊಡಗಟ್ಟಲೆ ಸುರಿಯುವುದು ಉಪಕಾರವಲ್ಲ. ಮಣ್ಣಿನ ಕಣಗಳ ನಡುವಣ ಗಾಳಿಯ ತಾಣಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಆಮ್ಲಜನಕ ಸಿಕ್ಕದು. ಉಸಿರುಕಟ್ಟಿದ ಬೇರನ್ನು ಕೊಳೆರೋಗದ ಶಿಲೀಂಧ್ರ ಹಿಡಿಯುತ್ತದೆ. ಆಗ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡವರು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರೆರೆಯುತ್ತಾರೆ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಊರಿ ನೋಡುವವನು ಈ ಅನಾಹುತವನ್ನು ತಪ್ಪಿಸಬಲ್ಲನು.

ಇನ್ನು ಬೆಳೆಸುವ ಕ್ರಮ. ಮುಂಗಾರಿನ ಆರಂಭವೇ ನೆಡಲು ತಕ್ಕ ಕಾಲ. ಹಿಂಗಾರು ಮುಗಿಯುವಷ್ಟರಲ್ಲಿ ಬೇರು ಆಳಕ್ಕಿಳಿದಿರುತ್ತದೆ. ದಿನದಲ್ಲಿ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಬೇಕು. ಹೊಸದುರ್ಗದ ಕೆಂಪು ಮರಳುಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರೆಭೂಮಿಯಾದರೆ ಒಂದಡಿ ಎತ್ತರದ ಏರುಪಾತಿ ಕಟ್ಟಿ, ದಪ್ಪ ಮರಳು ಅಥವಾ ಗರಸನ್ನು ಬೆರೆಸತಕ್ಕದ್ದು. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಅಂತರವಿರಲಿ. ಲ್ಯೂಕ್ಯಾಂತಕ್ಕೆ ಮೂರಡಿ ಬೇಕು. ಗುಳಿಗೆ ಎರಡು ಬೊಗಸೆ ಕಳಿತ ಕೊಟ್ಟಿಗೆಗೊಬ್ಬರ ಹಾಕಿದರೆ ಸಾಕು. ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲಿ ಸೊಕ್ಕಿ, ಕಾಂಡ ಮೆತ್ತಗಾಗಿ ಒರಗುತ್ತದೆ, ಹೂವು ಕಡಿಮೆಯಾಗುತ್ತದೆ, ಹೇನುಗಳಿಗೆ ಹಬ್ಬವಾಗುತ್ತದೆ. ಮೊದಲ ತಿಂಗಳು ಮಳೆಯಿಲ್ಲದಿದ್ದರೆ ವಾರಕ್ಕೆರಡು ಸಲ ನೀರು ಕೊಡಬೇಕು. ಆಮೇಲೆ ಸರದಿಗಳನ್ನು ದೂರ ದೂರಕ್ಕೆ ಒಯ್ಯುತ್ತ, ಕೊಟ್ಟಾಗ ಮಾತ್ರ ಆಳಕ್ಕಿಳಿಯುವಂತೆ ಕೊಡಬೇಕು. ಮೇಲೆ ಮೇಲೆ ಚಿಮುಕಿಸಿದ ನೀರು ಬೇರನ್ನೂ ಮೇಲಕ್ಕೆ ಕರೆಯುತ್ತದೆ; ಅಂತಹ ಗಿಡ ಏಪ್ರಿಲ್ ತಿಂಗಳ ಬಿಸಿಲಿಗೆ ಮೊದಲು ಬಲಿಯಾಗುತ್ತದೆ. ತೆಂಗಿನ ಸೀಮೆಯಾದ ಹೊಸದುರ್ಗದಲ್ಲಿ ನಾರುಸಿಪ್ಪೆಗೆ ಬರವಿಲ್ಲ. ಅದನ್ನು ಪಾತಿಯ ಮೇಲೆ ಎರಡು ಮೂರು ಅಂಗುಲ ಹರಡಿದರೆ ತೇವ ಉಳಿಯುತ್ತದೆ. ಆದರೆ ಕಾಂಡದ ಬುಡಕ್ಕೆ ಅದು ತಾಗಕೂಡದು.

ಬಹುವಾರ್ಷಿಕ ಗಿಡದ ಆಯುಸ್ಸು ಕತ್ತರಿಯಲ್ಲಿದೆ. ತೆನೆಯ ಹೂವು ಉದುರಿದೊಡನೆ ಅದನ್ನು ಕೆಳಗಿನ ಎಲೆಜೋಡಿಯವರೆಗೆ ಕತ್ತರಿಸಬೇಕು. ಬೀಜ ಕಟ್ಟಲು ಹೋಗುತ್ತಿದ್ದ ಆಹಾರ ಆಗ ಎಲೆಯ ಕಂಕುಳಿನ ಮೊಗ್ಗುಗಳಿಗೆ ಹರಿದು ಹೊಸ ತೆನೆಗಳು ಏಳುತ್ತವೆ. ಮುಂಗಾರಿಗೆ ಮುಂಚೆ, ವರ್ಷಕ್ಕೊಮ್ಮೆ, ಪೊದೆಯ ಮೂರನೆಯ ಒಂದು ಭಾಗವನ್ನು ಸವರಬೇಕು. ಎಲೆಯೇ ಇಲ್ಲದ ಹಳೆಯ ಕಟ್ಟಿಗೆಯ ಭಾಗಕ್ಕೆ ಕತ್ತರಿ ಹಾಕಬಾರದು. ಅಲ್ಲಿಂದ ಅನೇಕ ಜಾತಿಗಳು ಮತ್ತೆ ಚಿಗುರಲಾರವು. ಇಷ್ಟೆಲ್ಲ ಮಾಡಿದರೂ ಮೂರು ನಾಲ್ಕು ವರ್ಷಗಳಲ್ಲಿ ಬುಡ ಬಲಿತು ಗಿಡ ಬರಿದಾಗುತ್ತ ಬರುತ್ತದೆ. ಆಗಲೂ ಹೊಸ ಸಸಿಯನ್ನು ಕೊಳ್ಳುವ ಅಗತ್ಯವಿಲ್ಲ. ಹೂಬಿಡದ ರೆಂಬೆಯ ತುದಿಯನ್ನು ನಾಲ್ಕು ಅಂಗುಲ ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಸಮಪಾಲು ಮರಳು ಮತ್ತು ಎಲೆಗೊಬ್ಬರದಲ್ಲಿ ಊರಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಹೀಗೆ ಹುಟ್ಟಿದ ಸಸಿ ತಾಯಿಗಿಡದ ಪಡಿಯಚ್ಚು. ಬೀಜದ ಸಸಿಗಳಲ್ಲಿ ಕಾಣುವ ಗುಣಭೇದ ಇದರಲ್ಲಿರದು. ಒಂದು ಗಿಡ ಬದುಕಿರುವಷ್ಟು ಕಾಲದಲ್ಲಿ ಊರಿನ ಹತ್ತು ಮನೆಗಳಿಗೆ ಸಸಿ ಹಂಚಬಹುದು.

ನಮ್ಮ ಸಲಹೆಗೆ ಆಕ್ಷೇಪಣೆಗಳು ಬಾರದಿರವು. ಪರದೇಶದ ಗಿಡವೇಕೆ, ನಮ್ಮವೇ ಸಾಲದೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ತಂದ ಲಂಟಾನ ಇಂದು ಬಂಡೀಪುರದ ಕಾಡಿನಲ್ಲಿ ಹುಲ್ಲಿಗೂ ಎಡೆಯಿಲ್ಲದಂತೆ ಹಬ್ಬಿದೆ. ತುಳಸಿಯ ಕುಟುಂಬಕ್ಕೇ ಸೇರಿದ ಹಿಪ್ಟಿಸ್ ಎಂಬ ಅಮೆರಿಕದ ಕಳೆ ನಮ್ಮ ಪಾಳುಭೂಮಿಗಳನ್ನು ಆಕ್ರಮಿಸಿದೆ. ಸಾಲ್ವಿಯಾ ಕಾಕ್ಸಿನಿಯವೂ ಬೀಜದಿಂದ ತಾನಾಗಿ ಹಬ್ಬುವ ಸ್ವಭಾವದ್ದು. ಆದಕಾರಣ ಅದರ ತೆನೆ ಬಲಿಯುವ ಮೊದಲೇ ಕತ್ತರಿಸುವುದು ಬರಿಯ ಸೊಗಸಿನ ಮಾತಲ್ಲ, ನೆರೆಹೊರೆಯ ನೆಲಕ್ಕೆ ಸಲ್ಲಬೇಕಾದ ಕರ್ತವ್ಯ. ಕೆರೆಯಂಗಳ, ಗೋಮಾಳ, ಕಾಡಂಚುಗಳಲ್ಲಿ ಅದನ್ನು ನೆಡಲೇಕೂಡದು. ಪಾತಿಯ ಅರ್ಧವನ್ನು ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆಗಳಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ನಾವು ವಾದಿಸುತ್ತಿರುವುದು ಒಂದು ಪರದೇಶದ ಹೂವಿನ ಪರವಾಗಿ ಅಲ್ಲ. ನೆಟ್ಟುದನ್ನು ಉಳಿಸಿಕೊಳ್ಳುವ ಕ್ರಮದ ಪರವಾಗಿ.

ಬಹುವಾರ್ಷಿಕ ಪಾತಿ ಉತ್ಸವದ ದಿನಕ್ಕೆ ಸರಿಯಾಗಿ ತುಂಬಿ ಹೂಬಿಡಲಾರದು ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವೇ. ಹದಿನೈದು ದಿನಗಳ ಬೆಂಕಿಯಂತಹ ಬಣ್ಣ ಬೇಕೆಂಬವರಿಗೆ ಈ ತೋಟ ತೃಪ್ತಿ ಕೊಡದು. ಆದರೆ ಶಾಲೆಯ ತೋಟ ಯಾರಿಗಾಗಿ ಇರುವುದು? ಒಂದು ದಿನ ಬಂದು ಹೋಗುವ ಅತಿಥಿಗಳಿಗಾಗಿಯೋ, ವರ್ಷವೆಲ್ಲ ಅದರ ಪಕ್ಕದಲ್ಲಿ ನಡೆದಾಡುವ ವಿದ್ಯಾರ್ಥಿಗಳಿಗಾಗಿಯೋ? ಕಿತ್ತೆಸೆಯುವ ಪಾತಿಯಿಂದ ವಿದ್ಯಾರ್ಥಿ ಕಲಿಯುವುದು ಅತ್ಯಲ್ಪ. ಅವನು ಗಿಡದ ಯೌವನವನ್ನು ಮಾತ್ರ ಕಾಣುತ್ತಾನೆ. ಅದು ಬೇಸಗೆಯನ್ನು ಹೇಗೆ ಎದುರಿಸಿತು, ಮೊದಲ ಮಳೆಗೆ ಎಲ್ಲಿಂದ ಚಿಗುರಿತು, ಹೇಗೆ ಮುದಿಯಾಯಿತು ಎಂಬುದೊಂದೂ ಅವನ ಕಣ್ಣಿಗೆ ಬೀಳುವುದಿಲ್ಲ.

ಉಳಿಯುವ ಪಾತಿಯಲ್ಲಿ ಕಲಿಯುವುದಕ್ಕೆ ಎಷ್ಟಿದೆಯೆಂಬುದಕ್ಕೆ ಸಾಲ್ವಿಯಾದ ಹೂವೊಂದೇ ಸಾಕು. ಜೇನ್ನೊಣಗಳಿಗಾಗಿ ಅರಳುವ ಜಾತಿಗಳಲ್ಲಿ ಎರಡೇ ಕೇಸರಗಳಿದ್ದು, ಒಂದೊಂದೂ ಏತದಂತೆ ಎರಡು ತೋಳುಗಳನ್ನು ಹೊಂದಿರುತ್ತದೆ. ಮೇಲಿನ ತೋಳಿನಲ್ಲಿ ಪರಾಗ. ಕೆಳಗಿನ ತೋಳು ಹೂವಿನ ಗಂಟಲಿಗೆ ಅಡ್ಡವಾಗಿ ನಿಂತಿರುತ್ತದೆ. ಮಕರಂದಕ್ಕಾಗಿ ತಲೆ ತೂರಿಸಿದ ನೊಣ ಕೆಳಗಿನ ತೋಳನ್ನು ತಳ್ಳಿದೊಡನೆ ಮೇಲಿನ ತೋಳು ಬಾಗಿ ಅದರ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ. ಹೂವು ಹಳೆಯದಾದಾಗ ಶಲಾಕಾಗ್ರ ಕೆಳಕ್ಕೆ ಬಾಗಿ, ಬೇರೆ ಹೂವಿನಿಂದ ಬಂದ ನೊಣದ ಬೆನ್ನಿನಿಂದ ಆ ಪರಾಗವನ್ನು ಪಡೆಯುತ್ತದೆ. ಈ ಯಂತ್ರವನ್ನು ಜರ್ಮನಿಯ ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್ ೧೭೯೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಆತನೂ ಒಬ್ಬ ಉಪಾಧ್ಯಾಯನೇ ಆಗಿದ್ದನು. ಹುಲ್ಲುಕಡ್ಡಿಯೊಂದನ್ನು ಮೆಲ್ಲಗೆ ಹೂವಿನೊಳಗೆ ತೂರಿಸಿ ಆತ ಕಂಡುದನ್ನು ಮಾಡದಕೆರೆಯ ಬಾಲಕಿಯೂ ಕಾಣಬಹುದು. ಹಮ್ಮಿಂಗ್ ಹಕ್ಕಿಗಳಿಗಾಗಿ ಅರಳುವ ಅಮೆರಿಕದ ಕೆಂಪು ಜಾತಿಗಳಲ್ಲಿ ಅನೇಕವು ಈ ಏತವನ್ನು ಕಳೆದುಕೊಂಡಿವೆ. ನಮ್ಮ ತೋಟದ ಕೆಂಪು ಹೂವಿಗೆ ಯಾರು ಬರುತ್ತಾರೆ, ನೀಲಿ ಹೂವಿಗೆ ಯಾರು ಬರುತ್ತಾರೆ ಎಂಬುದನ್ನು ಬೆಳಗಿನ ಅರ್ಧ ಗಂಟೆ ಕುಳಿತು ಬರೆದಿಡುವುದು ಒಳ್ಳೆಯ ಅಭ್ಯಾಸಪಾಠವಾಗುತ್ತದೆ.

ನೀರಿನ ವಿಷಯದಲ್ಲಿಯೂ ನಮ್ಮ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಒಂದೇ ತಾಯಿಗಿಡದ ಆರು ಕಡ್ಡಿಗಳನ್ನು ಬೇರು ಬರಿಸಿ ಆರು ಸಮಾನ ಕುಂಡಗಳಲ್ಲಿ ನೆಡಿರಿ. ಎರಡಕ್ಕೆ ದಿನವೂ, ಎರಡಕ್ಕೆ ನಾಲ್ಕು ದಿನಕ್ಕೊಮ್ಮೆ, ಎರಡಕ್ಕೆ ಎಂಟು ದಿನಕ್ಕೊಮ್ಮೆ ನೀರು ಕೊಡಿರಿ. ಪ್ರತಿಸಲದ ಲೀಟರನ್ನೂ, ತೆನೆಗಳ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಎರಡು ತಿಂಗಳ ಕೊನೆಯಲ್ಲಿ ಕುಂಡಗಳನ್ನು ಬುಡಮೇಲು ಮಾಡಿ ಬೇರುಗಳನ್ನು ಹೋಲಿಸಿರಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಈ ಒಣ ವಲಯಕ್ಕಾಗಿಯೇ ಕೃಷಿ ಮತ್ತು ತೋಟಗಾರಿಕೆಯ ಸಂಶೋಧನಾ ಕೇಂದ್ರವೊಂದಿದೆ. ಕಡಿಮೆ ನೀರಿನ ಹೂಗಿಡಗಳ ಪರೀಕ್ಷೆಯನ್ನು ಅಂತಹ ಕೇಂದ್ರಗಳು ಶಾಲೆಗಳೊಡನೆ ಸೇರಿ ಕೈಗೊಂಡರೆ ಅದರ ಫಲ ಇಡೀ ಸೀಮೆಗೆ ದೊರೆಯುತ್ತದೆ.

ಎಂಟನೆಯ ತರಗತಿಯಲ್ಲಿ ಒಂದು ಕಡ್ಡಿಯನ್ನು ಊರಿದ ವಿದ್ಯಾರ್ಥಿ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಮೂರು ಬೇಸಗೆಗಳನ್ನು ಆ ಗಿಡದೊಡನೆ ಕಳೆದಿರುತ್ತಾನೆ. ಎಷ್ಟು ನೀರಿಗೆ ಎಷ್ಟು ಹೂವು ಎಂಬ ಲೆಕ್ಕ ಅವನ ಬಳಿ ಇರುತ್ತದೆ. ಮುಂದೆ ಅವನು ತನ್ನ ತೆಂಗಿನ ತೋಟಕ್ಕೋ ದಾಳಿಂಬೆಯ ತೋಟಕ್ಕೋ ನೀರು ಹಾಯಿಸುವಾಗ ಆ ಲೆಕ್ಕ ನೆನಪಿಗೆ ಬಾರದಿರದು. ಮಳೆಯನ್ನು ಹೆಚ್ಚಿಸುವ ಶಕ್ತಿ ಯಾವ ಶಾಲೆಗೂ ಇಲ್ಲ. ಬಿದ್ದ ಮಳೆಯನ್ನು ಅರಿತು ಬಳಸುವ ಬುದ್ಧಿಯನ್ನು ಕಲಿಸುವ ಶಕ್ತಿ ಪ್ರತಿಯೊಂದು ಶಾಲೆಗೂ ಇದೆ. ಅದಕ್ಕೆ ಹತ್ತು ಚದರ ಮೀಟರು ನೆಲ, ಒಂದು ಕತ್ತರಿ, ಒಂದು ದಿನಚರಿ ಪುಸ್ತಕ ಸಾಕು. ಈ ಮುಂಗಾರಿನಲ್ಲಿಯೇ ಅದನ್ನು ಆರಂಭಿಸಬಹುದೆಂದು ನಾವು ವಿದ್ಯಾರ್ಥಿಮಿತ್ರರಿಗೆ ಸೂಚಿಸುತ್ತೇವೆ.